ಉದ್ಯಮಿಯ ಹಳೆಯ ಲೆಕ್ಕ: ಬೆಳಗಾವಿ–ಖಾನಾಪುರದ ಅನುಭವ ಮತ್ತು ಉದ್ಯಮಶೀಲತೆಯ ಕಲಿಕೆ

ಉದ್ಯಮಶೀಲತೆಯ ಪಾಠಕ್ಕೆಂದು ಅನುಭವಿ ಮಾಲೀಕರನ್ನು ಕಾಲೇಜಿಗೆ ಕರೆಸಿದಾಗ ಅವರು ಹೇಳುವುದು ಹೆಚ್ಚಾಗಿ ಆರಂಭದ ಬಡತನ ಮತ್ತು ಕೊನೆಯ ಗೆಲುವು. ಇವೆರಡರ ನಡುವಿನ ವರ್ಷಗಳಲ್ಲಿ ಮಾರಾಟವಾಗದ ಸರಕು, ಉದ್ರಿಯಲ್ಲಿ ಸಿಕ್ಕಿಕೊಂಡ ಹಣ, ಕೈತಪ್ಪಿದ ಜಾಗ ಎಲ್ಲವೂ ಇರುತ್ತವೆ. ಭಾಷಣದಲ್ಲಿ ಅವುಗಳಿಗೆ ಜಾಗವಿರುವುದಿಲ್ಲ. ವಿದ್ಯಾರ್ಥಿ ಕಲಿಯಬೇಕಾದದ್ದು ಆ ನಡುವಿನ ಕಾಲದಲ್ಲೇ ಇದೆ ಎಂಬುದು ಈ ಲೇಖನದ ವಾದ. ಅದಕ್ಕೆ ಬೆಳಗಾವಿಯಲ್ಲೇ ಬಲವಾದ ಆಧಾರವಿದೆ.

ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು. ಬಣ್ಣಗಳನ್ನು ಗುರುತಿಸುವಲ್ಲಿ ಅವರ ಕಣ್ಣಿಗೆ ದೋಷವಿತ್ತು. ಹಾಗಾಗಿ ಯಂತ್ರಗಳ ನಕ್ಷೆ ಬರೆಯುವ ಕಡೆಗೆ ಹೊರಳಿ, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಬಡ್ತಿ ತಪ್ಪಿದಾಗ ಕೆಲಸ ಬಿಟ್ಟು ಬಂದರು. ಅಣ್ಣ ರಾಮಚಂದ್ರರಾವ್ ಜೊತೆ ಬೆಳಗಾವಿಯಲ್ಲಿ ನಡೆಸಿದ ಸೈಕಲ್ ಅಂಗಡಿಯಿಂದಲೇ ಕಿರ್ಲೋಸ್ಕರ್ ಸಂಸ್ಥೆ ತನ್ನ ಹುಟ್ಟನ್ನು, ಅಂದರೆ 1888ನ್ನು, ಎಣಿಸುತ್ತದೆ. ನಗರದ ಕಿರ್ಲೋಸ್ಕರ್ ರಸ್ತೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ.

ಆಗಿನ ಬೆಳಗಾವಿಗೆ ಸೈಕಲ್ ಹೊಸದು. ಮಾರುವವರೇ ಅದನ್ನು ಹತ್ತಿ ಓಡಿಸುವುದನ್ನೂ ಕಲಿಸಬೇಕಿತ್ತು, ಕೆಟ್ಟರೆ ರಿಪೇರಿ ಮಾಡಿಕೊಡಬೇಕಿತ್ತು. ಮುಂದೆ ಮೇವು ಕತ್ತರಿಸುವ ಯಂತ್ರ, 1903ರ ಸುಮಾರಿಗೆ ಕಬ್ಬಿಣದ ನೇಗಿಲು ತಯಾರಾದವು. ಕಬ್ಬಿಣ ತಾಕಿದರೆ ಮಣ್ಣು ವಿಷವಾಗುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷವೇ ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಪೆಟ್ಟು: ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನೇ ತೆರವು ಮಾಡಬೇಕಾಯಿತು. ಔಂಧ್ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ ನೆಲ ಕೊಟ್ಟು, ಸಾಲವನ್ನೂ ಕೊಟ್ಟರು. 1910ರಲ್ಲಿ ಕುಂಡಲದ ಬಳಿ ಕಾರ್ಖಾನೆಯ ಊರಾಗಿ ಕಿರ್ಲೋಸ್ಕರವಾಡಿ ಎದ್ದಿತು.

ಇದನ್ನು ಛಲದ ಕಥೆಯಾಗಿ ಓದುವುದು ಸುಲಭ, ಆದರೆ ಅಪೂರ್ಣ. ರೈತನ ನಿರಾಕರಣೆ ಅಜ್ಞಾನವಷ್ಟೇ ಆಗಿರಲಿಲ್ಲ. ಒಂದು ಹಂಗಾಮು ಕೆಟ್ಟರೆ ಇಡೀ ವರ್ಷದ ಅನ್ನ ಹೋಗುತ್ತದೆ ಎಂಬ ಲೆಕ್ಕ ಅವನದು. ಆ ಭಯವನ್ನು ಹೊಲದಲ್ಲೇ ನೀಗಬೇಕಿತ್ತು. ಸೈಕಲ್ ಅಂಗಡಿಯಲ್ಲಿ ಕಲಿಸಿ ಮಾರಿದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂದಿರಬೇಕು ಎಂಬುದು ನನ್ನ ತೀರ್ಮಾನ. ಎರಡು ವರ್ಷ ಮಾರಾಟವಿಲ್ಲದೆ ಕೂಲಿ ಕೊಡುವುದು ಹೇಗೆ? ಯಾವ ಸರಕಿನ ಆದಾಯದಿಂದ ಯಾವುದನ್ನು ಸಾಕಬೇಕು? ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗಿನ ಇಂದಿನ ಫೌಂಡ್ರಿಗಳಲ್ಲೂ ಇವೇ ಪ್ರಶ್ನೆಗಳಿವೆ. ಎರಕದೊಳಗಿನ ಗಾಳಿತೂತು ಹೊರಗಿನಿಂದ ಕಾಣದು. ಗಿರಾಕಿಯ ಲೇತ್‌ನಲ್ಲಿ ಕೊರೆದಾಗ ಕಾಣುತ್ತದೆ, ಮಾಲು ವಾಪಸು ಬರುತ್ತದೆ. ಲೋಹ ಕರಗಿಸಲು ತಗುಲಿದ ಕರೆಂಟಿನ ಖರ್ಚು ಮಾತ್ರ ವಾಪಸು ಬರುವುದಿಲ್ಲ. ಸಣ್ಣ ಉದ್ದಿಮೆಗಳ ಬಾಕಿಯನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟರೆ ಮುಂದಿನ ಆರ್ಡರ್ ಏನಾದೀತು ಎಂಬುದನ್ನು ಹಳೆಯ ಮಾಲೀಕರೇ ಹೇಳಬೇಕು. 1979ರಲ್ಲಿ ಆರಂಭವಾದ ಗೋಗಟೆ ತಾಂತ್ರಿಕ ಕಾಲೇಜು ಇರುವುದೂ ಇದೇ ಉದ್ಯಮಬಾಗಿನಲ್ಲಿ. ಇಂಥ ನೆರೆಹೊರೆ ಎಲ್ಲ ಕಾಲೇಜುಗಳಿಗೂ ಸಿಗುವುದಿಲ್ಲ.

ಖಾನಾಪುರದ ಪಾಠ ಬೇರೆ. ಮಲಪ್ರಭೆ ಹುಟ್ಟುವ ಈ ತಾಲ್ಲೂಕಿನ ಮಣ್ಣು ಹಂಚು, ಇಟ್ಟಿಗೆ, ಕುಂಬಾರಿಕೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿದೆ. ಘಟ್ಟದ ಮಳೆ ಹಿಡಿದರೆ ಹಸಿ ಹಂಚು ಒಣಗದು. ಮಣ್ಣು, ಸೌದೆಗೆ ಮಳೆಗಾಲದ ಮುಂಚೆಯೇ ಹಣ ಸುರಿಯಬೇಕು, ಅದು ಕೈಗೆ ಮರಳುವುದು ತಿಂಗಳುಗಳ ನಂತರ. ಇದರ ಮೇಲೆ ಕಾಂಕ್ರೀಟ್ ಛಾವಣಿ ಬಂದು ಹಂಚಿನ ಬೇಡಿಕೆಯನ್ನೇ ಕುಗ್ಗಿಸಿತು. ಗುಣಮಟ್ಟ ಚೆನ್ನಾಗಿದ್ದೂ ಮಾರುಕಟ್ಟೆ ಕೈಬಿಡಬಹುದು ಎಂಬುದನ್ನು ಹಂಚಿನ ಭಟ್ಟಿ ನಡೆಸಿದವರಷ್ಟು ಸ್ಪಷ್ಟವಾಗಿ ಬೇರಾರೂ ಹೇಳಲಾರರು. ಗೆದ್ದವರನ್ನಷ್ಟೇ ವೇದಿಕೆಗೆ ಕರೆಯುವ ಕಾಲೇಜುಗಳು ಈ ಜ್ಞಾನವನ್ನು ಕಳೆದುಕೊಳ್ಳುತ್ತಿವೆ.

ಆದ್ದರಿಂದ ಬೆಳಗಾವಿಯ ಕಾಲೇಜುಗಳಲ್ಲಿ ನನ್ನ ವಿನಂತಿ ಇಷ್ಟು: ವಿದ್ಯಾರ್ಥಿಗಳನ್ನು ಫೌಂಡ್ರಿಗೆ, ಭಟ್ಟಿಗೆ ಒಂದು ಪೂರ್ಣ ಹಂಗಾಮಿನ ಮಟ್ಟಿಗೆ ಕಳಿಸಿ. ಮಾಲೀಕರು ಒಪ್ಪಿದರೆ ವಾಪಸು ಬಂದ ಮಾಲಿನ ವಹಿ ಮತ್ತು ಉದ್ರಿ ಖಾತೆ ಓದಿಸಿ, ಅಂಕವನ್ನು ಅದಕ್ಕೇ ಕೊಡಿ. ಭಟ್ಟಿ ಮುಚ್ಚಿದ ಮಾಲೀಕರನ್ನೂ ಪಾಠಕ್ಕೆ ಕರೆಯಿರಿ.