ತೆಂಗಿನ ಮರಕ್ಕೆ ಕಟ್ಟಿದ ಹಸು

ಹೈಸ್ಕೂಲು ಎಂದ ಕೂಡಲೇ ಕನ್ನಡ ನಾಡಿನ ಯಾರಿಗೂ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು ಪರೀಕ್ಷೆ, ಇನ್ನೊಂದು ಪರೀಕ್ಷೆಯ ಬಗ್ಗೆ ಹೇಳಿಕೊಂಡು ನಕ್ಕ ಜೋಕು. ಆ ಜೋಕುಗಳಲ್ಲಿ ಒಂದಕ್ಕೆ ಮಾತ್ರ ಸಾವೇ ಇಲ್ಲ. ಹಸುವಿನ ಮೇಲೆ ಪ್ರಬಂಧ ಬರುತ್ತದೆಂದು ನಂಬಿದ ಹುಡುಗ ಅದೊಂದನ್ನೇ ಉರು ಹೊಡೆದುಕೊಂಡು ಹೋಗುತ್ತಾನೆ. ಪ್ರಶ್ನೆಪತ್ರಿಕೆಯಲ್ಲಿ ಬಂದದ್ದು ತೆಂಗಿನ ಮರ. ಹುಡುಗ ಎದೆಗುಂದುವುದಿಲ್ಲ. ‘ನಮ್ಮ ಮನೆಯ ಮುಂದೆ ಒಂದು ತೆಂಗಿನ ಮರವಿದೆ. ಅದಕ್ಕೆ ನಮ್ಮ ಹಸುವನ್ನು ಕಟ್ಟಿದ್ದೇವೆ. ಹಸುವಿಗೆ ನಾಲ್ಕು ಕಾಲು, ಎರಡು ಕೊಂಬು...’ ಎಂದು ಪುಟ ತುಂಬಿಸಿ ಎದ್ದು ಬರುತ್ತಾನೆ.

ಈ ಹುಡುಗ ಯಾವ ಊರಿನವನು, ಅವನ ಮೇಷ್ಟ್ರು ಯಾರು ಎಂದು ಯಾರೂ ಕೇಳುವುದಿಲ್ಲ. ಎಲ್ಲ ಶಾಲೆಗಳಲ್ಲೂ ಅವನಿದ್ದಾನೆ. ಆದರೆ ಈ ನಗೆಗೆ ಒಂದು ಚರಿತ್ರೆಯಿದೆ. ಶಾಲೆಯ ಜೋಕು ಬರೀ ಹುಡುಗಾಟವಲ್ಲ. ಬೆತ್ತ, ಹಾಜರಿ, ಅಂಕ ಇವೆಲ್ಲ ಮೇಷ್ಟ್ರ ಕೈಯಲ್ಲಿದ್ದಾಗ ವಿದ್ಯಾರ್ಥಿಯ ಕೈಯಲ್ಲಿ ಉಳಿದದ್ದು ಅದೊಂದೇ.

ನಾಲ್ಕು ಸಾವಿರ ವರ್ಷಗಳ ನಗೆ

ಶಾಲೆ ಎಷ್ಟು ಹಳೆಯದೋ ಅದರ ಬಗೆಗಿನ ನಗೆಯೂ ಬಹುಮಟ್ಟಿಗೆ ಅಷ್ಟೇ ಹಳೆಯದು. ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿ ಬಾಳಿದ ಸುಮೇರಿಯನ್ನರು ಹಸಿ ಜೇಡಿಯ ಹಲಗೆಗಳ ಮೇಲೆ ಬರೆಯುತ್ತಿದ್ದರು. ಅಂಥ ಹಲಗೆಗಳಲ್ಲಿ ಸಿಕ್ಕಿದ, ಸುಮಾರು 4,000 ವರ್ಷ ಹಳೆಯದಾದ ಒಂದು ಶಾಲಾ ಕಥೆಯನ್ನು ವಿದ್ವಾಂಸ ಸ್ಯಾಮ್ಯುಯೆಲ್ ನೋಹ್ ಕ್ರೇಮರ್ 1949ರಲ್ಲಿ ಪ್ರಕಟಿಸಿದರು. ಅದರಲ್ಲಿ ಬರುವ ಹುಡುಗನಿಗೆ ಬೆಳಗಿನಿಂದ ಏಟೋ ಏಟು. ತಡವಾಗಿ ಬಂದದ್ದಕ್ಕೆ, ಮಾತಾಡಿದ್ದಕ್ಕೆ, ಎದ್ದು ನಿಂತದ್ದಕ್ಕೆ, ಬಾಗಿಲು ದಾಟಿದ್ದಕ್ಕೆ, ಅಕ್ಷರ ಸರಿಯಿಲ್ಲದ್ದಕ್ಕೆ, ಹೀಗೆ ಒಂದೊಂದು ತಪ್ಪಿಗೂ ಏಟು. ಕೊನೆಗೆ ಹುಡುಗ ಅಪ್ಪನಿಗೆ ಒಂದು ಉಪಾಯ ಹೇಳಿಕೊಡುತ್ತಾನೆ: ಮೇಷ್ಟ್ರನ್ನು ಊಟಕ್ಕೆ ಕರೆಯಿರಿ. ಮೇಷ್ಟ್ರು ಬರುತ್ತಾರೆ, ಉಣ್ಣುತ್ತಾರೆ. ಹೊಸ ಬಟ್ಟೆ ಉಡುಗೊರೆ ಸಿಗುತ್ತದೆ, ಬೆರಳಿಗೆ ಉಂಗುರ ಬೀಳುತ್ತದೆ. ಅಷ್ಟರಲ್ಲಿ ನಿನ್ನೆಯ ದಡ್ಡ ಶಿಷ್ಯ ಇವತ್ತಿನ ಜಾಣನಾಗಿಬಿಡುತ್ತಾನೆ.

ಈ ಕಥೆಯ ಇಪ್ಪತ್ತಕ್ಕೂ ಹೆಚ್ಚು ಪ್ರತಿಗಳು ದೊರೆತಿವೆ. ಅಂದಿನ ಹುಡುಗರಿಗೆ ಇದೇ ಕಾಪಿ ಬರೆಯುವ ಪಾಠವಾಗಿತ್ತು. ಮೇಷ್ಟ್ರ ಮೇಲಿನ ತಮಾಷೆಯನ್ನು ಮೇಷ್ಟ್ರ ಎದುರಿನಲ್ಲೇ ಕೂತು ಬರೆದವರು ಅವರು.

ಗಂಟೆ, ಹಾಜರಿ, ಫೇಲು

ನಮ್ಮ ನಾಡಿಗೆ ಈಗಿನ ಮಾದರಿಯ ಹೈಸ್ಕೂಲು ಬಂದದ್ದು ಬ್ರಿಟಿಷರ ಕಾಲದಲ್ಲಿ. ಮದ್ರಾಸು, ಮುಂಬಯಿ, ಕಲ್ಕತ್ತಗಳಲ್ಲಿ 1857ರಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಅವುಗಳ ಬಾಗಿಲಿಗೆ ಮೆಟ್ರಿಕ್ಯುಲೇಷನ್ ಎಂಬ ಪರೀಕ್ಷೆಯ ಅಗುಳಿ ಬಿತ್ತು. ಮರುವರ್ಷ, 1858ರಲ್ಲಿ, ಬೆಂಗಳೂರು ಹೈಸ್ಕೂಲು ಆರಂಭವಾಯಿತು. ಅದೇ ಮುಂದೆ 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು.

ಹಳೆಯ ಕೂಲಿಮಠದಲ್ಲೂ ಅಯ್ಯನವರ ಬೆತ್ತವಿತ್ತು, ಬಾಯಿಪಾಠವಿತ್ತು. ಇಲ್ಲದೇ ಇದ್ದದ್ದು ಗಂಟೆ, ಹಾಜರಿ ಪುಸ್ತಕ ಮತ್ತು ಫೇಲು. ಎಂದೂ ನೋಡದ ಯಾರೋ ಒಬ್ಬರು ದೂರದಲ್ಲೆಲ್ಲೋ ಕೂತು ಉತ್ತರಪತ್ರಿಕೆ ತಿದ್ದಿ, ಹುಡುಗನ ಬಾಳನ್ನು ನಿರ್ಧರಿಸುವ ಪದ್ಧತಿ ಹೊಸದು. ಪಾಸಾದವನಿಗೆ ಗುಮಾಸ್ತನ ಕುರ್ಚಿಯಾದರೂ ಉಂಟು, ಇಲ್ಲದವನಿಗೆ ಅದೂ ಇಲ್ಲ. ಅದರ ಮೇಲೆ ಪಾಠ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅರ್ಥವಾಗದ್ದನ್ನು ಉರು ಹೊಡೆಯುವುದೇ ದಾರಿಯಾಯಿತು. ತೆಂಗಿನ ಮರಕ್ಕೆ ಹಸುವನ್ನು ಕಟ್ಟುವ ಬುದ್ಧಿ ಹುಟ್ಟುವುದು ಇಂಥ ಕಡೆಯಲ್ಲೇ.

ಈ ಭಯದಿಂದಲೇ ಒಂದು ಪದಕೋಶ ಬೆಳೆಯಿತು. ಫೇಲಾದವನು ‘ಡುಮ್ಕಿ ಹೊಡೆದ’ ಅಥವಾ ‘ಗೋತಾ ಹೊಡೆದ’. ತರಗತಿ ತಪ್ಪಿಸಿದವನು ‘ಚಕ್ಕರ್ ಹೊಡೆದ’. ಮೂರನೇ ದರ್ಜೆಯಲ್ಲಿ ಪಾಸಾದವನದು ‘ಗಾಂಧಿ ಕ್ಲಾಸು’. ಗಾಂಧೀಜಿ ರೈಲಿನ ಮೂರನೇ ದರ್ಜೆಯಲ್ಲಿ ಓಡಾಡುತ್ತಿದ್ದ ಸಂಗತಿ ಹೀಗೆ ಅಂಕಪಟ್ಟಿಯೊಳಕ್ಕೂ ಬಂದಿತು. ಕಡಿಮೆ ಅಂಕದ ಅವಮಾನವನ್ನು ಮಹಾತ್ಮರ ಹೆಸರಿನ ಮರೆಯಲ್ಲಿ ಸಹಿಸಿಕೊಂಡ ಚತುರ ಯಾರೋ! ಒಂದು ಕಾಲದಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬರೀ ನಂಬರುಗಳಾಗಿ ದಿನಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ನಂಬರು ಕಾಣದವನು ‘ಪ್ರೆಸ್ಸಿನವರು ಬಿಟ್ಟಿರಬೇಕು’ ಎಂದು ಗೆಳೆಯರನ್ನು ನಗಿಸಿ, ಮನೆಗೆ ಹೋಗುವ ದಾರಿಯನ್ನು ಆದಷ್ಟೂ ಉದ್ದ ಮಾಡಿಕೊಳ್ಳುತ್ತಿದ್ದ.

ಕೈಲಾಸಂ ಕೇಳಿದ ಪ್ರಶ್ನೆ

ಬೀದಿಯ ಈ ನಗೆಯನ್ನು ಕನ್ನಡ ರಂಗಭೂಮಿಗೆ ತಂದವರು ಟಿ.ಪಿ. ಕೈಲಾಸಂ (1884–1946). ಹೈಕೋರ್ಟ್ ನ್ಯಾಯಾಧೀಶರ ಮಗನಾದ ಅವರು ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದವರು. ಡಿಗ್ರಿಯ ಬೆಲೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ‘ಟೊಳ್ಳುಗಟ್ಟಿ’ 1918ರ ನಾಟಕ. ಒಂದೇ ಮನೆಯ ಇಬ್ಬರು ಹುಡುಗರಲ್ಲಿ ಪುಟ್ಟು ಪುಸ್ತಕದ ಹುಳು. ಮಾಧುವಿಗೆ ಓದು ತಲೆಗೆ ಹತ್ತದು. ಅಪ್ಪನ ತಕ್ಕಡಿಯಲ್ಲಿ ತೂಕವಾಗುವುದು ಮಾರ್ಕು ಮಾತ್ರ. ಆದರೆ ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ಕಾಯಿಲೆಯ ತಾಯಿಗಾಗಿ ಮುನ್ನುಗ್ಗುವವನು ಮಾಧು.

ಯಾರು ಟೊಳ್ಳು, ಯಾರು ಗಟ್ಟಿ? ನಾಟಕದುದ್ದಕ್ಕೂ ಇಂಗ್ಲಿಷು ಬೆರೆತ ಕನ್ನಡದ ಮಾತಿಗೆ ನಕ್ಕ ಪ್ರೇಕ್ಷಕ, ಕೊನೆಯಲ್ಲಿ ಈ ಪ್ರಶ್ನೆ ಹೊತ್ತು ಮನೆಗೆ ಹೋಗಬೇಕು. ಫೇಲಾದ ಹುಡುಗನನ್ನು ನೋಡಿ ನಗುವುದು ಸುಲಭ. ಅವನನ್ನು ಫೇಲು ಮಾಡಿದ ಅಳತೆಗೋಲನ್ನು ನೋಡಿ ನಗುವಂತೆ ಮಾಡಿದ್ದು ಕೈಲಾಸಂ ಹೆಚ್ಚುಗಾರಿಕೆ.

ಇಂಗ್ಲಿಷಿನಲ್ಲೇ ಫೇಲಾದ ಇಂಗ್ಲಿಷ್ ಲೇಖಕ

ಅದೇ ಅಳತೆಗೋಲಿನ ಏಟನ್ನು ಮೈಸೂರಿನಲ್ಲಿ ಸ್ವತಃ ತಿಂದವರು ಆರ್.ಕೆ. ನಾರಾಯಣ್. ಅವರ ತಂದೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರು. ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು, ಅದೂ ಇಂಗ್ಲಿಷಿನಲ್ಲಿ! ಸಿಕ್ಕಿದ ಒಂದು ವರ್ಷದ ಬಿಡುವಿನಲ್ಲಿ ತಮಗೆ ಬೇಕಾದ ಪುಸ್ತಕಗಳನ್ನು ಓದಿಕೊಂಡರು. 1930ರಲ್ಲಿ ಬಿ.ಎ. ಮುಗಿಯಿತು. ಚನ್ನಪಟ್ಟಣದ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕರೆ, ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟು ಮನೆಗೆ ಬಂದರು. ವಿದ್ಯಾರ್ಥಿಗಳು ಶಾಲೆಯಿಂದ ಓಡಿಹೋಗುವುದುಂಟು. ಇಲ್ಲಿ ಓಡಿದವರು ಮೇಷ್ಟ್ರು.

ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆಯಿತು. ಬೇಸತ್ತ ನಾರಾಯಣ್, ಹಸ್ತಪ್ರತಿಯನ್ನು ಥೇಮ್ಸ್ ನದಿಗೆ ಎಸೆದುಬಿಡು ಎಂದು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ತಿಳಿಸಿದ್ದರು. ಗೆಳೆಯ ಎಸೆಯಲಿಲ್ಲ, ಅದನ್ನು ಕಾದಂಬರಿಕಾರ ಗ್ರಹಾಂ ಗ್ರೀನ್ ಅವರಿಗೆ ತಲುಪಿಸಿದ. 1935ರಲ್ಲಿ ಪುಸ್ತಕ ಹೊರಬಂತು.

ಕಾದಂಬರಿಯ ಸ್ವಾಮಿ ಮೊದಲ ಫಾರಂ ಓದುವ ಹುಡುಗ. ಅಪ್ಪ ಅವನಿಗೊಂದು ಮಾವಿನ ಹಣ್ಣಿನ ಲೆಕ್ಕ ಕೊಡುತ್ತಾರೆ: ಹತ್ತು ಹಣ್ಣಿಗೆ 15 ಆಣೆ ಬೇಕೆಂದರೆ ನಾಲ್ಕಕ್ಕೆ ಎಷ್ಟು? ಸ್ವಾಮಿಗೆ ಕಾಡುವ ಪ್ರಶ್ನೆ ಬೇರೆ: ಹಣ್ಣು ಮಾಗಿದೆಯೋ ಇಲ್ಲವೋ? ಓದುಗ ನಗುತ್ತಾನೆ. ಒಂದು ಗಳಿಗೆ ಬಿಟ್ಟು ಯೋಚಿಸಿದರೆ, ಪೇಟೆಯಲ್ಲಿ ಹಣ್ಣು ಕೊಳ್ಳುವ ಯಾರೂ ಮೊದಲು ಕೇಳುವುದು ಅದನ್ನೇ ಎಂಬುದು ಹೊಳೆಯುತ್ತದೆ. ಪರೀಕ್ಷೆ ಮುಗಿದ ಮೇಲೆ ಗೆಳೆಯರು ಒಂದು ಪ್ರಶ್ನೆಗೆ ಯಾರೆಷ್ಟು ಉದ್ದ ಬರೆದರೆಂದು ಹೋಲಿಸಿ ನೋಡುವುದೂ ಅಲ್ಲಿದೆ. ತನ್ನ ಉತ್ತರ ತೀರಾ ಗಿಡ್ಡ ಎಂದು ತಿಳಿದ ಸ್ವಾಮಿಗೆ ಎದೆ ಡವಗುಟ್ಟುತ್ತದೆ. ಉತ್ತರ ಸರಿಯೇ ಎಂಬುದಕ್ಕಿಂತ ಎಷ್ಟು ಉದ್ದ ಎಂಬುದೇ ಅಲ್ಲಿ ಮುಖ್ಯ.

ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜು ಸೇರಿದ ಅವರು, ರಾ.ಶಿ. ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಕನ್ನಡ ಹಾಸ್ಯ ಮಾಸಿಕ ‘ಕೊರವಂಜಿ’ಗೆ ವ್ಯಂಗ್ಯಚಿತ್ರ ಬರೆದರು. ಹೀಗೆ ಒಂದೇ ಮನೆಯ ಇಬ್ಬರು ‘ನಪಾಸಾದವರು’ ದೇಶವನ್ನೇ ನಗಿಸಿದರು. 1980ರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಗಿರೀಶ ಕಾರ್ನಾಡರು ಅಪ್ಪನಾದರು. ಪುಸ್ತಕ ಓದದವರೂ ಆ ಹುಡುಗನಲ್ಲಿ ತಮ್ಮನ್ನೇ ಕಂಡರು.

ಚುಚ್ಚುವ ನಗೆಯೂ ಉಂಟು

ಹಾಗೆಂದು ಶಾಲೆಯ ನಗೆಯೆಲ್ಲ ಮುಗ್ಧವೇನಲ್ಲ. ತೊದಲುವವನಿಗೆ, ಕಪ್ಪಗಿದ್ದವಳಿಗೆ, ಹರಿದ ಅಂಗಿ ಹಾಕಿ ಬಂದವನಿಗೆ, ಹಳ್ಳಿಯಿಂದ ಬಂದು ಇಂಗ್ಲಿಷಿನಲ್ಲಿ ಎಡವಿದವನಿಗೆ ಇಟ್ಟ ಅಡ್ಡಹೆಸರುಗಳು ವರ್ಷಗಟ್ಟಲೆ ಉಳಿದು ನೋಯಿಸುತ್ತವೆ. ನಾರಾಯಣ್ ಇದನ್ನೂ ಬಿಡಲಿಲ್ಲ. ಹೊಸದಾಗಿ ಬಂದ, ಪೊಲೀಸ್ ಅಧಿಕಾರಿಯ ಮಗ ರಾಜಂನ ಜೊತೆ ಸ್ನೇಹ ಬೆಳೆಸಿದ ಸ್ವಾಮಿಯನ್ನು ಹಳೆಯ ಗೆಳೆಯರು ರಾಜಂನ ‘ಬಾಲ’ ಎಂದು ಹಂಗಿಸುತ್ತಾರೆ, ಕರಿಹಲಗೆಯ ಮೇಲೂ ಬರೆಯುತ್ತಾರೆ. ಮಾವಿನ ಹಣ್ಣಿನ ಲೆಕ್ಕಕ್ಕೆ ನಗುವ ಓದುಗನಿಗೆ ಇಲ್ಲಿ ನಗಲಾಗುವುದಿಲ್ಲ.

ಬೆತ್ತವನ್ನು ಕುರಿತ ಜೋಕು ಎದುರಿಗೆ ನಿಂತ ಬಲಶಾಲಿಯತ್ತ ತಿರುಗಿರುತ್ತದೆ. ಅಡ್ಡಹೆಸರಿನ ಜೋಕು ಪಕ್ಕದ ಬೆಂಚಿನ ಬಡಪಾಯಿಯತ್ತ. ವ್ಯತ್ಯಾಸ ಇಷ್ಟೇ, ಆದರೆ ಅದು ಸಣ್ಣದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಮೇಷ್ಟ್ರ ಬೆತ್ತವನ್ನು ಕಾಯಿದೆ ಕಸಿದುಕೊಳ್ಳಬಹುದು. ಪಕ್ಕದ ಬೆಂಚಿನಿಂದ ಬರುವ ಅಡ್ಡಹೆಸರನ್ನು ತಡೆಯಬೇಕಾದವರು ಮಾತ್ರ ತರಗತಿಯಲ್ಲೇ ಕೂತವರು.

ರಾಜ್ಯಸಭೆಗೆ ಬಂದ ಪಾಟಿಚೀಲ

ಈ ಚರಿತ್ರೆಯ ಒಂದು ಅಧ್ಯಾಯ ನಡೆದದ್ದು ದೆಹಲಿಯಲ್ಲಿ. ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ನಾರಾಯಣ್ 1989ರಲ್ಲಿ ಅಲ್ಲಿ ಮಾತನಾಡಲು ಎದ್ದು ನಿಂತರು. ಹಿರಿಯ ಸಾಹಿತಿ ಸಾಹಿತ್ಯದ ಬಗ್ಗೆ ಮಾತಾಡಬಹುದೆಂದು ಯಾರಾದರೂ ಎಣಿಸಿದ್ದರೆ ಅದು ಸುಳ್ಳಾಯಿತು. ಅವರು ಮಾತಾಡಿದ್ದು ಮಕ್ಕಳ ಪಾಟಿಚೀಲದ ಬಗ್ಗೆ. ಹೊರೆ ಹೊತ್ತು ಹೊತ್ತು ಮಕ್ಕಳ ಬೆನ್ನು ಬಾಗುತ್ತಿದೆ, ಬಾಲ್ಯವೇ ಕಳೆದುಹೋಗುತ್ತಿದೆ ಎಂದು ಅವರು ಹೇಳಿದರು. ಅರ್ಧ ಶತಮಾನದ ಹಿಂದೆ ಸ್ವಾಮಿಯ ಬಾಯಲ್ಲಿ ನಗೆಯಾಗಿ ಹೇಳಿಸಿದ್ದನ್ನು ಈಗ ಗಂಭೀರವಾಗಿ ಹೇಳಬೇಕಾಗಿ ಬಂದಿತ್ತು.

ಅದರ ಬೆನ್ನಲ್ಲಿ ಚರ್ಚೆ ಬೆಳೆಯಿತು. ಕೇಂದ್ರ ಸರ್ಕಾರ 1992ರಲ್ಲಿ ವಿಜ್ಞಾನಿ ಪ್ರೊ. ಯಶಪಾಲ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ‘ಹೊರೆಯಿಲ್ಲದ ಕಲಿಕೆ’ ಎಂಬ ಅರ್ಥದ ಹೆಸರು ಹೊತ್ತ ಅದರ ವರದಿ 1993ರಲ್ಲಿ ಬಂತು. ಚೀಲದ ಭಾರಕ್ಕಿಂತ ದೊಡ್ಡ ಭಾರ ಓದಿದ್ದು ಅರ್ಥವಾಗದಿರುವುದು ಎಂಬುದು ಸಮಿತಿ ಕಂಡುಕೊಂಡ ಸತ್ಯ. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ, ಚೀಲದ ತೂಕ ಮಗುವಿನ ತೂಕದ ಶೇ 10ನ್ನು ಮೀರಬಾರದು ಎಂದಿತು. ಚೀಲವನ್ನೇನೋ ತಕ್ಕಡಿಗೆ ಹಾಕಬಹುದು. ಅರ್ಥವಾಗದ ಪಾಠವನ್ನು ತೂಗುವ ತಕ್ಕಡಿ ಇನ್ನೂ ಬಂದಿಲ್ಲ.

ಸಮಿತಿ ಕಂಡ ಆ ಸತ್ಯ ಕೊನೇ ಬೆಂಚಿಗೆ ಹೊಸದಾಗಿರಲಿಲ್ಲ. ತಿಳಿಯದ್ದನ್ನು ಉರು ಹೊಡೆದವನು ತೆಂಗಿನ ಮರ ಕೇಳಿದರೂ ಹಸುವನ್ನೇ ಬರೆಯುತ್ತಾನೆ ಎಂಬುದನ್ನು ಅವರು ಎಂದೋ ಜೋಕು ಮಾಡಿ ಹೇಳಿದ್ದರು. ಆ ಹಸು ಇನ್ನೂ ಅದೇ ಮರದ ಬುಡದಲ್ಲಿದೆ. ಅದರ ಹಗ್ಗ ಬಿಚ್ಚುವ ಕೆಲಸ ಮಾತ್ರ ಹುಡುಗರದಲ್ಲ, ದೊಡ್ಡವರದು.