ಪಳಗಿದ ಕೈಗೆ ಹೊಸ ಉಪಕರಣ

ಕಸುಬು ಅರಿಯದವನಿಗೆ ಹೊಸ ಉಪಕರಣ ಕಲಿಸುವುದು ಸುಲಭ. ಇಪ್ಪತ್ತು ವರ್ಷ ಪಳಗಿದ ಕೈಗೆ ಅದನ್ನು ಒಗ್ಗಿಸುವುದು ಕಷ್ಟ. ಸಾಫ್ಟ್‌ವೇರ್ ಕಸುಬಿನಲ್ಲಿ ಈ ಮಾತಿಗೆ ಒಳ್ಳೆಯ ನಿದರ್ಶನ ಆವೃತ್ತಿ ನಿಯಂತ್ರಣದ ಇತಿಹಾಸ. ಪ್ರೋಗ್ರಾಮಿನ ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದನ್ನು ಕಾಪಿಡುವ ವ್ಯವಸ್ಥೆ ಅದು. ಆ ಅರ್ಥದಲ್ಲಿ ಅದು ಕಸುಬುದಾರರ ಸಾಮೂಹಿಕ ನೆನಪು. ಉಪಕರಣವನ್ನು ಬದಲಿಸುವುದೆಂದರೆ ಈ ನೆನಪನ್ನೇ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸಿದಂತೆ.

1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ರಚಿಸಿದ ಎಸ್‌ಸಿಸಿಎಸ್ ಮತ್ತು 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಖಿ ರೂಪಿಸಿದ ಆರ್‌ಸಿಎಸ್ ಒಂದೊಂದೇ ಕಡತವನ್ನು ನೋಡಿಕೊಳ್ಳುತ್ತಿದ್ದವು. ಒಬ್ಬನು ತಿದ್ದಲೆಂದು ಬೀಗ ಹಾಕಿಕೊಂಡರೆ ಉಳಿದವರು ಕಾಯಬೇಕಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಇಬ್ಬರು ವಿದ್ಯಾರ್ಥಿಗಳೊಡನೆ ಕಂಪೈಲರ್ ಒಂದರ ಕೆಲಸದಲ್ಲಿದ್ದ ಡಿಕ್ ಗ್ರೂನ ಅವರಿಗೆ ಇದು ಹೊಂದಲಿಲ್ಲ. ಮೂವರ ಕೆಲಸದ ವೇಳೆಗಳು ಬೇರೆಬೇರೆಯಾಗಿದ್ದವು. 1986ರಲ್ಲಿ ಅವರು ಬಿಡುಗಡೆ ಮಾಡಿದ ಸಿವಿಎಸ್, ಎಲ್ಲರೂ ತಮ್ಮ ಪ್ರತಿಯನ್ನು ತಿದ್ದಿ ಆಮೇಲೆ ಒಂದುಗೂಡಿಸುವ ಪದ್ಧತಿಯನ್ನು ತಂದಿತು. ತೊಂಬತ್ತರ ದಶಕದ ಮುಕ್ತ ತಂತ್ರಾಂಶ ಯೋಜನೆಗಳ ಬಹುಪಾಲು ಅದರ ಮೇಲೆಯೇ ಬೆಳೆದವು.

ಸಿವಿಎಸ್‌ನ ದೋಷಗಳು ಅದನ್ನು ಬಳಸುವವರಿಗೇ ಚೆನ್ನಾಗಿ ತಿಳಿದಿದ್ದವು. ಕಡತದ ಹೆಸರು ಬದಲಿಸಿದರೆ ಅದರ ಇತಿಹಾಸ ತುಂಡಾಗುತ್ತಿತ್ತು. ಹತ್ತು ಕಡತಗಳಿಗೆ ಸೇರಿದ ಒಂದೇ ಬದಲಾವಣೆ ಹತ್ತು ಬಿಡಿ ಬದಲಾವಣೆಗಳಾಗಿ ದಾಖಲಾಗುತ್ತಿತ್ತು. 2000ದಲ್ಲಿ ಕೊಲ್ಯಾಬ್‌ನೆಟ್ ಸಂಸ್ಥೆ ಸಬ್‌ವರ್ಶನ್ ಕೆಲಸಕ್ಕೆ ಕೈಹಾಕಿದಾಗ ಜೊತೆಗಿದ್ದವರಲ್ಲಿ ಕಾರ್ಲ್ ಫೋಗೆಲ್ ಒಬ್ಬರು. ಸಿವಿಎಸ್ ಕುರಿತು ಪುಸ್ತಕ ಬರೆದವರು. ದೋಷಗಳನ್ನು ತಿದ್ದಿದರೂ ಹಳೆಯ ಪದಗಳನ್ನೂ ಅಭ್ಯಾಸಗಳನ್ನೂ ಅವರು ಉದ್ದೇಶಪೂರ್ವಕವಾಗಿ ಉಳಿಸಿಕೊಂಡರು. ಹೀಗಾಗಿ 2004ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂದ ಬಳಿಕ ಅಲ್ಲಿಗೆ ಹೋದವರಿಗೆ ಅದೇ ಬೀದಿಯಲ್ಲಿ ಮನೆ ಬದಲಿಸಿದಷ್ಟೇ ಶ್ರಮವಾಯಿತು.

ಗಿಟ್ ಈ ವಂಶಕ್ಕೆ ಸೇರಿದ್ದಲ್ಲ. ಬಿಟ್‌ಕೀಪರ್ ಎಂಬ ಉಪಕರಣದ ಉಚಿತ ಬಳಕೆ ಲಿನಕ್ಸ್ ತಂಡಕ್ಕೆ ಇಲ್ಲವಾದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆಯತೊಡಗಿದರು. ಕೇಂದ್ರ ಭಂಡಾರ ಅನಿವಾರ್ಯವೆಂಬ ಕಲ್ಪನೆಯನ್ನೇ ಅದು ಕೈಬಿಟ್ಟಿತು. ಪ್ರತಿಯೊಬ್ಬರ ಗಣಕದಲ್ಲೂ ಪೂರ್ಣ ಇತಿಹಾಸವಿರುತ್ತದೆ. ಆದರೆ ಪದಗಳು ಮಾತ್ರ ಪರಿಚಿತವಾದವೇ. ಸಬ್‌ವರ್ಶನ್‌ನಲ್ಲಿ ‘ಕಮಿಟ್’ ಎಂದರೆ ಬದಲಾವಣೆ ಆ ಕ್ಷಣವೇ ಎಲ್ಲರಿಗೂ ಸಲ್ಲುತ್ತದೆ. ಗಿಟ್‌ನಲ್ಲಿ ಅದು ‘ಪುಶ್’ ಮಾಡುವವರೆಗೆ ತನ್ನಲ್ಲೇ ಉಳಿಯುತ್ತದೆ. ಅಲ್ಲಿ ‘ರಿವರ್ಟ್’ ಇನ್ನೂ ದಾಖಲಾಗದ ತಿದ್ದುಪಡಿಯನ್ನು ಅಳಿಸುತ್ತದೆ. ಇಲ್ಲಿ ದಾಖಲಾದ ಬದಲಾವಣೆಯನ್ನು ರದ್ದುಗೊಳಿಸುವ ಹೊಸ ದಾಖಲೆಯನ್ನೇ ಸೇರಿಸುತ್ತದೆ.

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ತೊಡಕು ಹೊಸದಲ್ಲ. ನಮ್ಮ ‘ಉಪನ್ಯಾಸ’ ಭಾಷಣ, ಹಿಂದಿಯದು ಕಾದಂಬರಿ. ನಮ್ಮ ‘ಶಿಕ್ಷೆ’ ದಂಡನೆ, ಅವರದು ವಿದ್ಯೆ. ತಿಳಿಯದ ಪದ ನಮ್ಮನ್ನು ತಡೆದು ನಿಲ್ಲಿಸುತ್ತದೆ; ತಿಳಿದಿದೆಯೆಂದುಕೊಂಡ ಪದ ದಾರಿ ತಪ್ಪಿಸುತ್ತದೆ. ಆದ್ದರಿಂದ ಹಳೆಯ ಆಜ್ಞೆಗೆ ಎದುರಾಗಿ ಹೊಸ ಆಜ್ಞೆಯನ್ನಿಟ್ಟ ಪಟ್ಟಿಗಳು ಅನುಭವಿಗಳಿಗೆ ಅರ್ಧ ನೆರವನ್ನಷ್ಟೇ ನೀಡಿದವು. ಹೆಚ್ಚು ಪ್ರಯೋಜನವಾದದ್ದು ಸೇತುವೆಗಳಿಂದ. ‘ಗಿಟ್-ಎಸ್‌ವಿಎನ್’ ಮೂಲಕ ಒಬ್ಬನು ತನ್ನ ಮೇಜಿನ ಮೇಲೆ ಗಿಟ್ ಬಳಸುತ್ತ, ಬದಲಾವಣೆಗಳನ್ನು ತಂಡದ ಸಬ್‌ವರ್ಶನ್ ಭಂಡಾರಕ್ಕೇ ಕಳಿಸಬಹುದಿತ್ತು. ಕಲಿಯುವವನು ತನ್ನ ವೇಗದಲ್ಲಿ ಕಲಿತ. ತಂಡದ ಕೆಲಸ ನಿಲ್ಲಲಿಲ್ಲ.

ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿನ ಕತೆ ಇನ್ನೊಂದು ಪಾಠವನ್ನು ಹೇಳುತ್ತದೆ. ಅದು 2005ರಲ್ಲಿ ಸಿವಿಎಸ್‌ನಿಂದ ಸಬ್‌ವರ್ಶನ್‌ಗೆ ಬಂದು, 2020ರ ಜನವರಿಯಲ್ಲಿ ಗಿಟ್‌ಗೆ ತೆರಳಿತು. ಸಬ್‌ವರ್ಶನ್ ಪ್ರತಿ ಬದಲಾವಣೆಗೂ ಏರುವ ಕ್ರಮಸಂಖ್ಯೆ ನೀಡುತ್ತಿತ್ತು. ಇಂಥ ಸಂಖ್ಯೆಯಿಂದ ದೋಷ ಶುರುವಾಯಿತು ಎನ್ನುವುದು ಆ ತಂಡದ ದಿನಬಳಕೆಯ ಮಾತು. ಗಿಟ್ ಕೊಡುವುದು ಅಂಕೆ ಅಕ್ಷರಗಳು ಬೆರೆತ ನಲವತ್ತು ಚಿಹ್ನೆಗಳ ಗುರುತು. ಎರಡರಲ್ಲಿ ಯಾವುದು ಮೊದಲಿನದೆಂದು ನೋಡಿದರೆ ತಿಳಿಯದು. ಹಿರಿಯರ ಈ ತಕರಾರನ್ನು ತಂಡ ಹಠವೆಂದು ತಳ್ಳಿಹಾಕಲಿಲ್ಲ. ಬಿಡುಗಡೆಯ ಸರಣಿ ಯಾವುದು, ಅದರಲ್ಲಿ ಇದು ಎಷ್ಟನೆಯ ಬದಲಾವಣೆ ಎಂದು ತಿಳಿಸುವ ಸಂಖ್ಯಾಕ್ರಮವನ್ನು ಗಿಟ್‌ನ ಮೇಲೆಯೇ ಕಟ್ಟಿಕೊಂಡಿತು. ಹಳೆಯ ಸಬ್‌ವರ್ಶನ್ ಸಂಖ್ಯೆಗಳನ್ನೂ ಆಯಾ ದಾಖಲೆಗಳ ಟಿಪ್ಪಣಿಯಲ್ಲಿ ಉಳಿಸಿತು.

ಅನುಭವಿಯ ಹಿಂಜರಿತದಲ್ಲಿ ಸೋಮಾರಿತನವೂ ಇರಬಹುದು. ಆದರೆ ಅನೇಕ ವೇಳೆ ಅದು ಹೊಸ ಉಪಕರಣದಲ್ಲಿ ಇಲ್ಲದ ಒಂದನ್ನು ಬೆರಳಿಟ್ಟು ತೋರಿಸುತ್ತಿರುತ್ತದೆ. ಆ ಬೆರಳು ತೋರಿದೆಡೆ ನೋಡಿದ ತಂಡಗಳ ನೆನಪು ಸಾಗಣೆಯಲ್ಲಿ ಸೋರಿಹೋಗಲಿಲ್ಲ.