ಮರೆವಿಗೆ ಮದ್ದು: ಹಂತ ಹಂತದ ಅರ್ಜಿಯ ಕಿರು ಇತಿಹಾಸ



ಪರದೇಶದಲ್ಲಿ ನೆಲೆಸಿರುವ ನಾವೆಲ್ಲರೂ ಅರ್ಜಿಗಳನ್ನು ತುಂಬಿಯೇ ಇಲ್ಲಿಗೆ ಬಂದವರು. ಗಣಕದ ತೆರೆಯ ಮೇಲೆ ನಾಲ್ಕು ಪುಟಗಳನ್ನು ತುಂಬಿ, ಐದನೆಯದಕ್ಕೆ ಬರುವಷ್ಟರಲ್ಲಿ ಎಲ್ಲವೂ ಅಳಿಸಿಹೋದ ಸಂಕಟವನ್ನು ಅರಿಯದವರು ವಿರಳ. ಈ ಮರೆವಿನ ಕಾರಣ ಮತ್ತು ಅದಕ್ಕೆ ದೊರೆತ ಮದ್ದು ಇಂದಿನ ನಮ್ಮ ವಿಷಯ.

ಅಂತರಜಾಲದ ಸಂವಹನ ನಿಯಮವಾದ ಎಚ್‌ಟಿಟಿಪಿಗೆ ಸ್ವಭಾವತಃ ನೆನಪಿಲ್ಲ. ಪ್ರತಿಯೊಂದು ಕೋರಿಕೆಯೂ ಅದಕ್ಕೆ ಅಪರಿಚಿತನ ಭೇಟಿಯೇ. ವೈದ್ಯರಾದ ನಾವು ಒಂದೊಂದು ಪ್ರಶ್ನೆಗೂ ರೋಗಿಯನ್ನು ಹೊರಗೆ ಕಳುಹಿಸಿ, ಮತ್ತೆ ಕರೆದು, ‘ತಾವು ಯಾರು?’ ಎಂದು ಕೇಳಿದರೆ ಹೇಗಿರುತ್ತದೆಯೋ ಹಾಗೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ರೂಪಿಸಿದ ‘ಕುಕಿ’ಯು ಆಸ್ಪತ್ರೆಯ ಹೊರರೋಗಿ ಚೀಟಿಯಂತೆ ಈ ಗುರುತಿನ ಕೆಲಸವನ್ನು ವಹಿಸಿಕೊಂಡಿತು.

ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದ ಪತ್ರಿಕೆಯೊಂದರಲ್ಲಿ ದುಡಿಯುತ್ತಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಪೈಥಾನ್ ಭಾಷೆಯ ಚೌಕಟ್ಟೊಂದನ್ನು ಕಟ್ಟತೊಡಗಿದರು. 2005ರಲ್ಲಿ ಬಹಿರಂಗಗೊಂಡ ಅದರ ಹೆಸರು ಜಾಂಗೋ. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳು ಊನಗೊಂಡರೂ ಗಿಟಾರ್ ಬಿಡದ ಜಾಂಗೋ ರೈನ್‌ಹಾರ್ಟ್‌ನ ಸ್ಮರಣೆ ಅದರಲ್ಲಿದೆ.

2008ರ 1.0 ಆವೃತ್ತಿಯ ‘ಫಾರ್ಮ್ ವಿಝಾರ್ಡ್’ ಹಿಂದಿನ ಹಂತಗಳ ಉತ್ತರಗಳನ್ನು ಪುಟದೊಳಗಿನ ಅದೃಶ್ಯ ಅಂಕಣಗಳಲ್ಲಿ ಅಡಗಿಸಿ, ಯಾರೂ ತಿದ್ದದಂತೆ ಮುದ್ರೆಯೊತ್ತಿ, ಬಳಕೆದಾರರ ಕೈಯಲ್ಲೇ ಹೊರಿಸಿ ಕಳುಹಿಸುತ್ತಿತ್ತು. 2012ರ 1.4 ಆವೃತ್ತಿಯು ಆ ಹೊರೆಯನ್ನು ಇಳಿಸಿತು. ಉತ್ತರಗಳನ್ನು ಸೆಷನ್‌ನಲ್ಲಿ ಅಥವಾ ಕುಕಿಯಲ್ಲಿ ಕಾಯ್ದಿಡುವ ವ್ಯವಸ್ಥೆ ಬಂದಿತು. 2015ರ 1.8ರಲ್ಲಿ ಈ ಭಾಗ ಜಾಂಗೋದಿಂದ ಬೇರ್ಪಟ್ಟು ಪ್ರತ್ಯೇಕ ಪೊಟ್ಟಣವಾಯಿತು.

ಇದರ ಎರಡು ಗುಣಗಳು ನಮಗೆ ಬಲು ಪರಿಚಿತವೆನಿಸಿದವು. ಒಂದು, ಅನಗತ್ಯ ಹಂತವನ್ನು ಷರತ್ತಿನ ಮೇರೆಗೆ ಬಿಟ್ಟುಬಿಡುವುದು. ಧೂಮಪಾನ ಮಾಡದವರಿಗೆ ದಿನಕ್ಕೆಷ್ಟು ಸಿಗರೇಟು ಎಂದು ಕೇಳಬೇಕಿಲ್ಲವಲ್ಲ! ಇನ್ನೊಂದು, ಕೊನೆಯ ಹಂತದಲ್ಲಿ ಎಲ್ಲ ಉತ್ತರಗಳನ್ನೂ ಮತ್ತೊಮ್ಮೆ ಪರೀಕ್ಷಿಸಿ, ದೋಷ ಕಂಡರೆ ಆಯಾ ಹಂತಕ್ಕೇ ಹಿಂದಿರುಗಿಸುವುದು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಹೆಸರನ್ನೂ ಅಂಗವನ್ನೂ ನಾವು ಮತ್ತೆ ಕೇಳಿ ಖಚಿತಪಡಿಸಿಕೊಳ್ಳುವುದು ಇದೇ ವಿವೇಕದಿಂದ.

ಆದರೂ ಮದ್ದು ಅಪೂರ್ಣ. ಆ ಚೀಟಿ ಇರುವುದು ಒಂದೇ ಯಂತ್ರದಲ್ಲಿ. ಗ್ರಂಥಾಲಯದಲ್ಲಿ ಅರ್ಜಿ ಆರಂಭಿಸಿದ ವೃದ್ಧರು ಮರುದಿನ ಮಗಳ ಮನೆಯಲ್ಲಿ ಕುಳಿತರೆ ಮೊದಲಿನಿಂದಲೇ ತುಂಬಬೇಕು. ಪ್ರತಿ ಹಂತದಲ್ಲೂ ಕರಡನ್ನು ದತ್ತಸಂಚಯದಲ್ಲಿ ಉಳಿಸಿದರೆ ಮಾತ್ರ ಅವರ ಶ್ರಮ ಉಳಿಯುತ್ತದೆ. ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳು ಅಷ್ಟನ್ನು ಮಾಡಲಿ. ಅರ್ಜಿಯ ಆಚೆ ಬದಿಯಲ್ಲಿ ಕುಳಿತಿರುವವರು ಅವರ ತಾಯಿತಂದೆಯರೇ ಇರಬಹುದು.